ಡೀಸೆಲ್ ಸುಡುವ ಜಾಗಕ್ಕೆ ಮೊದಲು ಸೋಲಾರ್ ಬರಲಿ

ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಅಡುಗೆ ಗ್ಯಾಸಿನಲ್ಲೂ ಅರ್ಧಕ್ಕಿಂತ ಹೆಚ್ಚು ಆಮದು. ಕೊಲ್ಲಿ ದೇಶಗಳಲ್ಲಿ ಏನಾದರೂ ಗಲಾಟೆ ಶುರುವಾದರೆ ಕಲಬುರಗಿಯ ದಾಲ್ ಮಿಲ್ಲಿನವರಿಗೂ ಚಿಂತೆ ಹತ್ತುವುದು ಇದಕ್ಕೇ. ಮಾಳಿಗೆ ಮೇಲೆ ಸೋಲಾರ್ ಹಾಕಿದರೆ ಈ ಖರ್ಚು ತಾನಾಗಿಯೇ ಇಳಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಲೆಕ್ಕ ಅಷ್ಟು ಸರಳ ಇಲ್ಲ.

ಮಾಳಿಗೆಯ ಪ್ಯಾನೆಲ್ ಕೊಡುವ ಕರೆಂಟಿನಿಂದ ರಾಯಚೂರಿನ ಶಕ್ತಿನಗರದಂಥ ಸ್ಥಾವರಗಳಲ್ಲಿ ಕಲ್ಲಿದ್ದಲು ಉಳಿಯುತ್ತದೆ. ಒಳ್ಳೆಯದೇ. ಆದರೆ ಕಲ್ಲಿದ್ದಲು ಬಹುಪಾಲು ನಮ್ಮ ನೆಲದ್ದೇ. ಹೊರಗಿನಿಂದ ತಂದ ಎಣ್ಣೆ ಸುಡುವುದು ಮಿಲ್ಲಿನ ಹಿಂದಿನ ಜನರೇಟರ್‌ನಲ್ಲಿ, ಭೀಮಾ ದಂಡೆಯ ಡೀಸೆಲ್ ಎಂಜಿನ್‌ನಲ್ಲಿ. ಸೋಲಾರ್ ಅಲ್ಲಿಗೆ ಹೋದಾಗಲೇ ಆಮದಿನ ಬಿಲ್ಲಿಗೆ ನೇರವಾಗಿ ಕೈ ಹಾಕಿದ ಹಾಗೆ.

ಜನರೇಟರ್ ಒಂದು ಲೀಟರ್ ಡೀಸೆಲ್‌ಗೆ ಸುಮಾರು ಮೂರರಿಂದ ಮೂರೂವರೆ ಯೂನಿಟ್ ಕೊಡುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೂ ಯೂನಿಟ್‌ಗೆ 26ರಿಂದ 30 ರೂಪಾಯಿ. ಆಯಿಲ್, ಫಿಲ್ಟರ್, ರಿಪೇರಿ ಬೇರೆ. ಲೈನ್ ಕರೆಂಟಿಗಿಂತ ಇದು ಬಹಳ ದುಬಾರಿ.

ಇಲ್ಲೇ ಒಂದು ತೊಡಕು. ನನಗೆ ಬರುವ ಫೋನುಗಳಲ್ಲಿ ಇದೇ ಜಾಸ್ತಿ: "ಸೋಲಾರ್ ಹಾಕ್ಸೀನ್ರಿ ಸರ್, ಕರೆಂಟ್ ಹೋದ ಕೂಡ್ಲೇ ಇದೂ ಬಂದ್ ಆಗ್ತದ. ಕೆಟ್ಟದೇನ್ರಿ?" ಕೆಟ್ಟಿಲ್ಲ. ಆನ್‌ಗ್ರಿಡ್, ಅಂದರೆ ಲೈನ್ ಕರೆಂಟಿಗೆ ಜೋಡಿಸಿದ ಇನ್ವರ್ಟರ್ ಹಾಗೇ ನಿಲ್ಲಬೇಕು. ಲೈನ್ ಆಫ್ ಆಗಿದೆ ಎಂದು ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮಾಳಿಗೆಯಿಂದ ಕರೆಂಟು ಹರಿದರೆ ಜೀವ ಹೋಗುತ್ತದೆ. ಇದನ್ನು ಮಾರುವ ಮೊದಲೇ ಹೇಳಬೇಕು. ಹೇಳದೆ ಮಾರುವುದರಿಂದಲೇ ಸೋಲಾರ್ ಇದ್ದ ಮಿಲ್ಲಿನಲ್ಲೂ ಜನರೇಟರ್ ಮೊದಲಿನಷ್ಟೇ ಡೀಸೆಲ್ ಕುಡಿಯುತ್ತಿದೆ.

ಇದಕ್ಕೆ ದಾರಿ ಇದೆ. ಮನೆಗೆ ಲೈನ್ ಹೋದರೂ ಬ್ಯಾಟರಿ ಜೊತೆ ಓಡುವ ಹೈಬ್ರಿಡ್ ಇನ್ವರ್ಟರ್, ಜೊತೆಗೊಂದು ಸಣ್ಣ ಬ್ಯಾಟರಿ. ಮಿಲ್ಲಿಗಾದರೆ ಸೋಲಾರನ್ನೂ ಜನರೇಟರನ್ನೂ ಒಟ್ಟಿಗೆ ನಡೆಸುವ ಕಂಟ್ರೋಲರ್. ಜನರೇಟರ್ ಪೂರ್ತಿ ನಿಲ್ಲುವುದಿಲ್ಲ. ಅದರ ಮೇಲೆ ಕನಿಷ್ಠ ಶೇ. 30ರಷ್ಟು ಲೋಡ್ ಇರಬೇಕು, ಇಲ್ಲದಿದ್ದರೆ ಎಂಜಿನ್‌ನಲ್ಲಿ ಮಸಿ ಕಟ್ಟುತ್ತದೆ. 100 ಕಿಲೋವ್ಯಾಟ್ ಜನರೇಟರ್ ಇದ್ದು 80 ಕಿಲೋವ್ಯಾಟ್ ಲೋಡ್ ಓಡುತ್ತಿದ್ದರೆ, 30 ಜನರೇಟರ್ ಹೊರಲಿ, ಮಧ್ಯಾಹ್ನದ ಹೊತ್ತಿನ ಉಳಿದ 50 ಪ್ಯಾನೆಲ್ ಮೇಲೆ ಬಿಡಿ. ಕಂಟ್ರೋಲರ್ ಇಲ್ಲದೆ ಸುಮ್ನೆ ಎರಡನ್ನೂ ಜೋಡಿಸಬೇಡಿ. ಲೋಡ್ ಕಡಿಮೆಯಾದಾಗ ಸೋಲಾರ್ ಕರೆಂಟು ಜನರೇಟರ್‌ಗೇ ತಿರುಗಿ ನುಗ್ಗುತ್ತದೆ.

ಮನೆಯಲ್ಲಿ ಆಮದು ಸುಡುವ ಜಾಗ ಅಡುಗೆಮನೆ. 3 ಕಿಲೋವ್ಯಾಟ್ ಸೋಲಾರ್‌ಗೆ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಇದೆ. ದಿನಕ್ಕೆ ಸರಾಸರಿ 12 ಯೂನಿಟ್ ಬರುತ್ತದೆ. ಬೇಳೆ, ಅನ್ನ, ಚಹಾ ಹಗಲು ಇಂಡಕ್ಷನ್ ಮೇಲೆ ಆಗಲಿ. ಜೋಳದ ರೊಟ್ಟಿಗೆ ಉರಿ ಬೇಕೇ ಬೇಕು, ಅದಕ್ಕೆ ಗ್ಯಾಸ್ ಇರಲಿ. ಸಿಲಿಂಡರ್ ಎಷ್ಟೋ ದಿನ ಜಾಸ್ತಿ ಬರುತ್ತದೆ.

ಪ್ಯಾನೆಲ್ಲೂ ಚೀನಾದ್ದೇ ಅಲ್ವಾ ಅನ್ನುವವರಿದ್ದಾರೆ. ಈ ಮನೆ ಸಬ್ಸಿಡಿಗೆ ದೇಶದಲ್ಲೇ ಮಾಡಿದ ಸೆಲ್, ಪ್ಯಾನೆಲ್ ಕಡ್ಡಾಯ. ಹೊರಗಿನದನ್ನೇ ತಂದರೂ 25 ವರ್ಷಕ್ಕೆ ಒಂದು ಸಲ ತಂದಂತೆ. ಡೀಸೆಲ್ ಇವತ್ತು ಸುಟ್ಟರೆ ನಾಳೆ ಮತ್ತೆ ತರಬೇಕು.

ನಮ್ಮ ಬಿಸಿಲಿನ ಬಗ್ಗೆಯೂ ಒಂದು ಮಾತು. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಕಾವಲ್ಲ. ಪ್ಯಾನೆಲ್ಲಿನ ಕಾವು 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಶೇ. 0.3ರಿಂದ 0.4ರಷ್ಟು ಕರೆಂಟು ಕಡಿಮೆ. ಮೇ ತಿಂಗಳಲ್ಲಿ ಪ್ಯಾನೆಲ್ 65 ಡಿಗ್ರಿಗೆ ಕಾದರೆ ಶೇ. 12ರಿಂದ 16ರಷ್ಟು ಹೋಯಿತು. ಮಿಲ್ಲಿನ ತಗಡಿಗೆ ಅಂಟಿಸಿದಂತೆ ಕೂರಿಸಬೇಡಿ, ಕೆಳಗೆ ಗಾಳಿ ಆಡಲು ಜಾಗ ಬಿಡಿ. ತೊಗರಿ ರಾಶಿ ಕಾಲದಲ್ಲಿ ಹೊಟ್ಟು, ಧೂಳು ಕೂತರೆ ಬೆಳಗ್ಗೆ ತಂಪಿನಲ್ಲೇ ತೊಳೆಯಿರಿ.

ಮಿಲ್ಲಿಗೆ ಕೊಟೇಶನ್ ಕೇಳುವಾಗ ಕರೆಂಟ್ ಬಿಲ್ಲಿನ ಜೊತೆ ಒಂದು ವರ್ಷದ ಡೀಸೆಲ್ ಬಿಲ್ಲೂ ಮುಂದಿಡಿ. ಜನರೇಟರ್ ದಿನದ ಯಾವ ಹೊತ್ತಿನಲ್ಲಿ ಓಡುತ್ತದೆ ಎಂದು ಆಪರೇಟರ್ ಹತ್ತಿರ ಬರೆಸಿಡಿ. ಅದನ್ನು ನೋಡದೆ ರೇಟು ಹೇಳುವವರಿಗೆ ಕೆಲಸ ಕೊಡಬೇಡಿ.