ತೂಕಕ್ಕೂ ಥೈರಾಯ್ಡ್ ಕ್ಯಾನ್ಸರಿಗೂ ಏನು ಸಂಬಂಧ?

ಮುಂಬೈಯಲ್ಲಿ ನಮ್ಮವರ ನಡುವೆ ಯಾರಾದರೂ ಸ್ವಲ್ಪ ದಪ್ಪ ಆದರೆ ಸಾಕು, ಮದುವೆ ಹಾಲ್‌ನಲ್ಲಾಗಲಿ ಸಂಘದ ಅರಿಶಿನ ಕುಂಕುಮದಲ್ಲಾಗಲಿ ಕೇಳುವ ಮೊದಲ ಮಾತು ಒಂದೇ: "ಥೈರಾಯ್ಡ್ ಚೆಕ್ ಮಾಡಿಸಿದ್ಯಾ?" ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ನಿಧಾನವಾದರೆ ತೂಕ ಏರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಇದೇ ನಂಟಿಗೆ ಇನ್ನೊಂದು ದಿಕ್ಕೂ ಇದೆ, ಅದರ ಮಾತು ಮಾತ್ರ ಕಡಿಮೆ. ಮೈತೂಕ ಜಾಸ್ತಿ ಇರುವವರಲ್ಲಿ ಥೈರಾಯ್ಡ್ ಕ್ಯಾನ್ಸರ್ ಬರುವ ಸಾಧ್ಯತೆ ತುಸು ಹೆಚ್ಚು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ತಗೊಳ್ಳುವ ಥೈರಾಯ್ಡ್ ತೊಂದರೆ ಬೇರೆ, ಈ ಕ್ಯಾನ್ಸರ್ ಬೇರೆ. ಮೊದಲು ಅದನ್ನು ಬಿಡಿಸಿಟ್ಟುಕೊಳ್ಳೋಣ.

ಈ ತುಸು ಅಂದರೆ ಎಷ್ಟು, ಅದು ನಿಜವೇ ಅಥವಾ ಸ್ಕ್ಯಾನಿಂಗ್ ಮೆಷಿನ್ ಹುಟ್ಟಿಸಿದ ಭ್ರಮೆಯೇ ಅನ್ನುವ ಜಗಳ ವರ್ಷಗಟ್ಟಲೆ ನಡೆದಿದೆ. ಆ ಜಗಳದ ಕತೆ ತಿಳಿದರೆ ನಮ್ಮ ಭಯಕ್ಕೂ ಒಂದು ಅಳತೆ ಸಿಗುತ್ತದೆ ಅಂತ ನನ್ನ ನಂಬಿಕೆ.

ಬಹಳ ಕಾಲ ಥೈರಾಯ್ಡ್ ವಿಷಯದಲ್ಲಿ ತೂಕದ ಹೆಸರೇ ಇರಲಿಲ್ಲ. ಅನುಮಾನ ಇದ್ದದ್ದು ಎರಡರ ಮೇಲೆ: ಅಯೋಡಿನ್ ಕೊರತೆ ಮತ್ತು ವಿಕಿರಣ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಅಧ್ಯಯನ ಶುರು ಮಾಡಿ, ಉಪ್ಪಿಗೆ ಅಯೋಡಿನ್ ಬೆರೆಸಿದರೆ ಗಳಗಂಡ, ಅಂದರೆ ಥೈರಾಯ್ಡ್ ಊದಿ ಕತ್ತು ದಪ್ಪಗಾಗುವುದು, ಇಳಿಯುತ್ತದೆ ಅಂತ ತೋರಿಸಿದರು. 1962ರಲ್ಲಿ ಗಳಗಂಡ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮವೇ ಬಂತು. ವಿಕಿರಣದ ಪಾಠ ಇನ್ನೂ ಕಠಿಣವಾದದ್ದು. 1986ರಲ್ಲಿ ಚೆರ್ನೋಬಿಲ್ ಅಣು ವಿದ್ಯುತ್ ಸ್ಥಾವರ ಸ್ಫೋಟವಾದ ಮೇಲೆ ವಿಕಿರಣ ಸೂಸುವ ಅಯೋಡಿನ್-131 ಹುಲ್ಲಿಗೆ ಬಿತ್ತು, ಹುಲ್ಲಿನಿಂದ ಹಸುವಿಗೆ, ಹಾಲಿನ ಮೂಲಕ ಮಕ್ಕಳ ಹೊಟ್ಟೆಗೆ. ಕೆಲವೇ ವರ್ಷಗಳಲ್ಲಿ ಅಲ್ಲಿನ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಏರಿತು. ವಿಚಿತ್ರ ಅಂದರೆ ಅದೇ ಅಯೋಡಿನ್-131 ಔಷಧಿಯೂ ಹೌದು. ನಮ್ಮ ಪರೇಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ರೇಡಿಯೇಶನ್ ಮೆಡಿಸಿನ್ ಸೆಂಟರ್ 1963ರಿಂದ ಇದೆ. ಅಲ್ಲಿ ಥೈರಾಯ್ಡ್ ಕ್ಯಾನ್ಸರಿನವರಿಗೆ ಇದನ್ನೇ ಲೆಕ್ಕ ಹಾಕಿ ಕೊಡುತ್ತಾರೆ. ಥೈರಾಯ್ಡ್ ಜೀವಕೋಶ ಅಯೋಡಿನ್ ಅಂದುಕೊಂಡು ಹೀರಿಕೊಳ್ಳುತ್ತದೆ, ಆ ವಿಕಿರಣಕ್ಕೇ ಸಾಯುತ್ತದೆ. ಹೆಚ್ಚು ಡೋಸ್ ತಗೊಂಡವರು ಕೆಲವು ದಿನ ಪ್ರತ್ಯೇಕ ಕೋಣೆಯಲ್ಲಿ ಒಬ್ಬರೇ ಇರಬೇಕು.

ತೂಕ ಈ ಕತೆಗೆ ಬಂದದ್ದು ತಡವಾಗಿ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ, ಫ್ರಾನ್ಸಿನ ಲಿಯೋನ್‌ನಲ್ಲಿರುವುದು, ಬೊಜ್ಜಿಗೂ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಮೊದಲ ಸಲ ಒಟ್ಟಾಗಿ ತೂಗಿ ನೋಡಿತು. ದೊಡ್ಡ ಕರುಳು, ಕಿಡ್ನಿ, ಗರ್ಭಕೋಶ, ಅನ್ನನಾಳ, ಮುಟ್ಟು ನಿಂತ ಮೇಲಿನ ಸ್ತನ ಕ್ಯಾನ್ಸರ್: ಈ ಐದಕ್ಕೆ ಸಾಕ್ಷಿ ಸಾಕು ಅಂದರು. ಥೈರಾಯ್ಡ್ ಆ ಪಟ್ಟಿಯಲ್ಲಿ ಇರಲಿಲ್ಲ. 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ ಬಾಗಿಲು ತೆಗೆಯಿತು. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕ ನೋಡುವ ಅಳತೆ, 5 ಅಂಕ ಏರಿದರೆ ಥೈರಾಯ್ಡ್ ಕ್ಯಾನ್ಸರ್ ಸಾಧ್ಯತೆ ಗಂಡಸರಲ್ಲಿ ಶೇ. 33, ಹೆಂಗಸರಲ್ಲಿ ಶೇ. 14 ಹೆಚ್ಚು ಅಂತ ಅದರ ಲೆಕ್ಕ. ಬಿಎಂಐಯ 5 ಅಂಕ ಅಂದರೆ 160 ಸೆಂ.ಮೀ. ಎತ್ತರದವರಿಗೆ ಹತ್ತಿರ ಹತ್ತಿರ 13 ಕೆಜಿ. ಆಮೇಲೆ 22 ಅಧ್ಯಯನಗಳನ್ನು ಕೂಡಿಸಿ 2016ರಲ್ಲಿ ನೋಡಿದಾಗ ಆ ಏರಿಕೆ ಶೇ. 6ಕ್ಕೆ ಇಳಿಯಿತು, ಆದರೆ ಮಾಯವಾಗಲಿಲ್ಲ. ಸೊಂಟದ ಸುತ್ತಳತೆ ಹೆಚ್ಚಿದ್ದವರಲ್ಲೂ, ಹರೆಯದಲ್ಲೇ ದಪ್ಪ ಇದ್ದವರಲ್ಲೂ ಅದೇ ಸುಳಿವು ಸಿಕ್ಕಿತು. ಅದೇ ವರ್ಷ ಲಿಯೋನ್‌ನವರು ಮತ್ತೆ ಕೂತು ಪಟ್ಟಿಗೆ ಇನ್ನೂ ಎಂಟು ಸೇರಿಸಿದರು. ಒಟ್ಟು 13 ಆಯಿತು, ಅದರಲ್ಲಿ ಥೈರಾಯ್ಡ್ ಕೂಡ ಒಂದು.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಇಲ್ಲ. ದಕ್ಷಿಣ ಕೊರಿಯಾ ನೋಡಿ. ಅಲ್ಲಿ 1999ರಲ್ಲಿ ಸರ್ಕಾರ ಬೇರೆ ಕ್ಯಾನ್ಸರ್‌ಗಳಿಗೆ ತಪಾಸಣೆ ಶುರು ಮಾಡಿತು. ಹೇಗೂ ಆಸ್ಪತ್ರೆಗೆ ಬಂದಿದ್ದೀರಿ, ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟರೆ ಕತ್ತಿನ ಅಲ್ಟ್ರಾಸೌಂಡ್ ಕೂಡ ಮಾಡುತ್ತೇವೆ ಅಂತ ಆಸ್ಪತ್ರೆಗಳು ಸೇರಿಸಿಕೊಂಡವು. 2011ಕ್ಕೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 1993ಕ್ಕಿಂತ 15 ಪಟ್ಟು ಆಯಿತು. ಸಾವು? ಇದ್ದಷ್ಟೇ ಇತ್ತು. ಅಂದರೆ ಎಂದೂ ತೊಂದರೆ ಕೊಡದ ಸಣ್ಣ ಗಂಟುಗಳನ್ನು ಹುಡುಕಿ ಹುಡುಕಿ ತೆಗೆದಿದ್ದರು, ಸಾವಿರಾರು ಜನ ಸುಮ್ನೆ ಗ್ರಂಥಿ ಕಳೆದುಕೊಂಡು ಜೀವನಪೂರ್ತಿ ಮಾತ್ರೆ ನುಂಗುವ ಹಾಗಾಯಿತು. ಇದನ್ನು ಓದಿದಾಗ ನನಗೆ ನಿಜವಾಗಿ ಸಂಕಟವಾಯಿತು. ಇದರ ಸೂಚನೆ ಎಷ್ಟೋ ಮೊದಲೇ ಇತ್ತು. 1985ರಲ್ಲಿ ಫಿನ್ಲೆಂಡಿನಲ್ಲಿ ಬೇರೆ ಕಾರಣಕ್ಕೆ ಸತ್ತ 101 ಜನರ ಥೈರಾಯ್ಡನ್ನು ತೆಳ್ಳಗೆ ಕತ್ತರಿಸಿ ನೋಡಿದಾಗ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಲ್ಲಿ ಸೂಕ್ಷ್ಮ ಕ್ಯಾನ್ಸರ್ ಸಿಕ್ಕಿತ್ತು. ಬದುಕಿದ್ದಾಗ ಅವರಿಗೆ ಅದರ ಸುಳಿವೇ ಇರಲಿಲ್ಲ.

ಈಗ ಪ್ರಶ್ನೆ ಎದ್ದದ್ದು ಇಲ್ಲಿ. ದಪ್ಪ ಇರುವವರು ಬಿಪಿ, ಶುಗರ್, ಮಂಡಿನೋವು ಅಂತ ಡಾಕ್ಟರ ಹತ್ತಿರ ಜಾಸ್ತಿ ಹೋಗುತ್ತಾರೆ, ಜಾಸ್ತಿ ಸ್ಕ್ಯಾನ್ ಆಗುತ್ತದೆ, ಹಾಗಾಗಿ ಜಾಸ್ತಿ ಗಂಟು ಸಿಗುತ್ತದೆ, ಅಷ್ಟೇ ಇರಬಹುದಲ್ವಾ? ಒಳ್ಳೆಯ ಪ್ರಶ್ನೆಯೇ. ಇದಕ್ಕೆ ನನಗೆ ಸಮಾಧಾನ ಕೊಟ್ಟ ಉತ್ತರ 2020ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಿಂದ ಬಂತು. 4.5 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಹಿಡಿದು ಅವರು ಗಂಟಿನ ಗಾತ್ರವನ್ನೂ ಬೇರೆ ಬೇರೆ ಮಾಡಿ ನೋಡಿದರು. ಬರೀ ಸ್ಕ್ಯಾನಿನ ಆಟವಾಗಿದ್ದರೆ ತೂಕದ ನಂಟು ಪುಟಾಣಿ ಗಂಟುಗಳಲ್ಲೇ ಎದ್ದು ಕಾಣಬೇಕಿತ್ತು. ಆದದ್ದು ಉಲ್ಟಾ. 4 ಸೆಂ.ಮೀ.ಗಿಂತ ದೊಡ್ಡ ಗೆಡ್ಡೆಗಳಲ್ಲೇ ನಂಟು ಗಟ್ಟಿ. ಪ್ಯಾಪಿಲರಿ ಅನ್ನುವ ಸಾಮಾನ್ಯ ಬಗೆಯಲ್ಲಿ ಅಮೆರಿಕದ ಆರರಲ್ಲಿ ಒಂದು ಪ್ರಕರಣಕ್ಕೆ, ದೊಡ್ಡ ಗೆಡ್ಡೆಗಳಲ್ಲಾದರೆ ಮೂರರಲ್ಲಿ ಸುಮಾರು ಎರಡಕ್ಕೆ ಹೆಚ್ಚಿನ ತೂಕ ಕಾರಣವಿರಬಹುದು ಅನ್ನುವ ಅಂದಾಜು ಬಂತು. ಅಂದಾಜು ಅಮೆರಿಕದ್ದು, ನಮ್ಮಲ್ಲಿಗೆ ಹಾಗೆಯೇ ಎತ್ತಿಕೊಂಡು ಬರುವ ಹಾಗಿಲ್ಲ.

ಯಾಕೆ ಹೀಗಾಗುತ್ತದೆ? ಕೊಬ್ಬು ಸುಮ್ಮನೆ ಕೂತಿರುವ ವಸ್ತು ಅಲ್ಲ. ಅದು ಹಾರ್ಮೋನು ಸುರಿಸುತ್ತದೆ, ಈಸ್ಟ್ರೊಜೆನ್ ತಯಾರಿಸುತ್ತದೆ, ಒಳಗೊಳಗೇ ಉರಿಯೂತ ಹಚ್ಚಿಡುತ್ತದೆ. ಇನ್ಸುಲಿನ್ ಮಟ್ಟ ಏರುತ್ತದೆ, ಇನ್ಸುಲಿನ್ ಜೀವಕೋಶಗಳಿಗೆ ಬೆಳೆಯಿರಿ ಅನ್ನುವ ಸಂದೇಶವೂ ಹೌದು. ಇವುಗಳಲ್ಲಿ ಯಾವುದರ ಪಾಲು ಎಷ್ಟು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ನಮ್ಮವರು ಗಮನಿಸಬೇಕಾದ್ದು ಪುಣೆಯಿಂದ ಬಂದ ಪಾಠ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ತಮ್ಮದೇ ಮೈಯನ್ನು ಇಂಗ್ಲೆಂಡಿನ ಸಹೋದ್ಯೋಗಿ ಜಾನ್ ಯುಡ್ಕಿನ್ ಜೊತೆ ಹೋಲಿಸಿದ ಫೋಟೋ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಮೈಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕರಿಗೆ ಶೇ. 21.2. ತೆಳ್ಳಗೆ ಕಂಡರೂ ಹೊಟ್ಟೆಯಲ್ಲಿ ಕೊಬ್ಬು ತುಂಬಿಕೊಳ್ಳುವ ಮೈ ನಮ್ಮದು. ಅದಕ್ಕೇ ನಮ್ಮಲ್ಲಿ ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ಆದರೆ ಬೊಜ್ಜು ಅಂತ ಲೆಕ್ಕ. ಬೆಳಿಗ್ಗೆ ಏಳರಿಂದ ರಾತ್ರಿ ಹನ್ನೊಂದರವರೆಗೆ ಹೋಟೆಲಿನ ಗಲ್ಲಾದಲ್ಲಿ ಕೂತು, ಮಧ್ಯೆ ನಾಲ್ಕು ಸಲ ಸಕ್ಕರೆ ಚಹಾ ಕುಡಿಯುವ ನಮ್ಮಣ್ಣಂದಿರು ತಕ್ಕಡಿಗಿಂತ ಮೊದಲು ಟೇಪು ಹಿಡಿದು ಸೊಂಟ ಅಳೆಯಲಿ.

ಹಾಗಂತ ದಪ್ಪ ಇದ್ದೀನಿ ಅಂತ ಕತ್ತಿನ ಸ್ಕ್ಯಾನಿಗೆ ಓಡಬೇಡಿ. ಡೊಂಬಿವಲಿಯ ನನ್ನ ಅತ್ತಿಗೆ ಒಂದು ಚೆಕಪ್ ಪ್ಯಾಕೇಜಿನಲ್ಲಿ ಅಲ್ಟ್ರಾಸೌಂಡ್ ಮಾಡಿಸಿ, ರಿಪೋರ್ಟಿನಲ್ಲಿ "6 ಮಿ.ಮೀ. ಗಂಟು" ಅಂತ ಓದಿ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಡಾಕ್ಟರು ನೋಡಿ, ಇಷ್ಟು ಸಣ್ಣದಕ್ಕೆ ಸೂಜಿ ಪರೀಕ್ಷೆಯೂ ಬೇಡ ಅಂದರು. ಸಾಮಾನ್ಯವಾಗಿ 1 ಸೆಂ.ಮೀ.ಗಿಂತ ಸಣ್ಣದನ್ನು ಚುಚ್ಚುವುದಿಲ್ಲ. ಲಕ್ಷಣವೇ ಇಲ್ಲದವರಿಗೆ ಥೈರಾಯ್ಡ್ ಕ್ಯಾನ್ಸರ್ ತಪಾಸಣೆ ಬೇಡ ಅಂತ ಅಮೆರಿಕದ ತಜ್ಞರ ಸಮಿತಿ 2017ರಲ್ಲೇ ಹೇಳಿದೆ. ಅದರ ಬದಲು ಕನ್ನಡಿ ಮುಂದೆ ಗದ್ದ ಮೇಲೆತ್ತಿ ಒಂದು ಗುಟುಕು ನೀರು ಕುಡಿಯಿರಿ. ಕತ್ತಿನ ಕೆಳಭಾಗದಲ್ಲಿ ನುಂಗುವಾಗ ಮೇಲೆ ಕೆಳಗೆ ಓಡಾಡುವ ಗಂಟು ಕಂಡರೆ, ದನಿ ಒಡೆದು ವಾರಗಟ್ಟಲೆ ಸರಿಹೋಗದಿದ್ದರೆ, ನುಂಗುವುದು ಕಷ್ಟವಾದರೆ, ಚಿಕ್ಕಂದಿನಲ್ಲಿ ಕತ್ತಿಗೆ ವಿಕಿರಣ ಚಿಕಿತ್ಸೆ ಆಗಿದ್ದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಸಕಾಲಕ್ಕೆ ಸಿಕ್ಕ ಪ್ಯಾಪಿಲರಿ ಬಗೆ ಬಹುಪಾಲು ವಾಸಿಯಾಗುತ್ತದೆ.

ಇನ್ನೊಂದು ವಿಷಯ, ಈಗ ಬಾಂದ್ರಾದಿಂದ ವಸಾಯಿವರೆಗೆ ಎಲ್ಲರ ಬಾಯಲ್ಲೂ ಇರುವ ತೂಕ ಇಳಿಸುವ ಇಂಜೆಕ್ಷನ್. ಸೆಮಾಗ್ಲುಟೈಡ್ ಜಾತಿಯ ಈ ಔಷಧಿಗಳ ಜೊತೆ ಅಮೆರಿಕದಲ್ಲಿ ಥೈರಾಯ್ಡ್ ಎಚ್ಚರಿಕೆ ಅಚ್ಚಾಗಿ ಬರುತ್ತದೆ, ಯಾಕೆಂದರೆ ಇಲಿಗಳಲ್ಲಿ ಮೆಡುಲರಿ ಅನ್ನುವ ಅಪರೂಪದ ಬಗೆಯ ಗೆಡ್ಡೆ ಕಂಡಿತ್ತು. ಡೆನ್ಮಾರ್ಕ್, ನಾರ್ವೆ, ಸ್ವೀಡನ್‌ಗಳ ದಾಖಲೆ ಹಿಡಿದು ನಡೆಸಿದ 2024ರ ಅಧ್ಯಯನದಲ್ಲಿ ಮನುಷ್ಯರಲ್ಲಿ ಅಂಥ ಗಣನೀಯ ಏರಿಕೆ ಸಿಗಲಿಲ್ಲ. ಆದರೂ ಮನೆಯಲ್ಲಿ ಯಾರಿಗಾದರೂ ಮೆಡುಲರಿ ಕ್ಯಾನ್ಸರ್ ಆಗಿದ್ದರೆ ಇಂಜೆಕ್ಷನ್ ಬೇಡ. ಅಜ್ಜಿಗೆ, ದೊಡ್ಡಮ್ಮನಿಗೆ ಕತ್ತಿನ ಆಪರೇಷನ್ ಆಗಿತ್ತು ಅನ್ನುವ ಹಳೆಯ ಮಾತು ನಿಮ್ಮ ಮನೆಯಲ್ಲಿದ್ದರೆ, ಅದು ಯಾವ ಬಗೆ ಅಂತ ಊರಿಗೆ ಫೋನ್ ಮಾಡಿ ಹಳೆಯ ಕಾಗದ ಹುಡುಕಿಸಿ, ಆಮೇಲೆ ಡಾಕ್ಟರ ಹತ್ತಿರ ಹೋಗಿ.