ಸೀಟು ಖಾಲಿ ಇದ್ದರೂ ಸಾಮಾನು ಉಳಿಯುವುದೇಕೆ?

ಪ್ರಶ್ನೆ: ಗಲ್ಫ್‌ಗೆ ಹೋಗುವ ವಿಮಾನದಲ್ಲಿ ಸೀಟುಗಳು ಖಾಲಿ ಇದ್ದರೂ ಒಮ್ಮೊಮ್ಮೆ ಕೆಲವರ ಸಾಮಾನು ಮರುದಿನಕ್ಕೆ ಉಳಿಯುತ್ತದೆ. ಜಾಗವಿದ್ದೂ ಹೀಗೇಕೆ?
– ವಿರಾಜಪೇಟೆಯ ಓದುಗರು

ಉತ್ತರ: ವಿಮಾನದಲ್ಲಿ ಎಷ್ಟೋ ಸಲ ಜಾಗಕ್ಕಿಂತ ಮೊದಲು ತೂಕ ಭರ್ತಿಯಾಗುತ್ತದೆ. ಮಾಕುಟ್ಟ ಘಾಟಿ ಇಳಿದು ಕಣ್ಣೂರಿನಿಂದ ಹಾರುವ ನಮ್ಮವರು ಹತ್ತುವ ಬೋಯಿಂಗ್ 737-800 ವಿಮಾನವನ್ನೇ ತೆಗೆದುಕೊಳ್ಳಿ. ಸಿಬ್ಬಂದಿ ಸಹಿತ ಅದರ ಖಾಲಿ ತೂಕ ಸುಮಾರು 42 ಟನ್. ಹೊರಬಲ್ಲ ಹೊರೆ ಸುಮಾರು 20 ಟನ್. ಒಬ್ಬರ ಮೈತೂಕ 75 ಕಿಲೋ, ಪೆಟ್ಟಿಗೆ 30, ಕೈಚೀಲ 7 ಎಂದು ಹಿಡಿದರೂ 180 ಮಂದಿಗೇ 20 ಟನ್ ದಾಟುತ್ತದೆ. ಸೀಟುಗಳು 189ರವರೆಗೆ ಇರಬಹುದು! ಕಾಳುಮೆಣಸು, ಜೇನು ತುಂಬಿದ ಪೆಟ್ಟಿಗೆಗಳ ಮುಂದೆ ಖಾಲಿ ಸೀಟು ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ಇಂಧನ ಕಡಿಮೆ ಮಾಡಿ ಸಾಮಾನು ಹಾಕಬಾರದೇ? ಆಗದು. ಇಂಧನವಿಲ್ಲದ ವಿಮಾನಕ್ಕೂ ಪ್ರತ್ಯೇಕ ತೂಕದ ಮಿತಿಯಿದೆ. ಈ ಮಾದರಿಗೆ ಅದು ಸುಮಾರು 62.7 ಟನ್. ಕಾಫಿ ಕಣದಲ್ಲಿ ಇಬ್ಬರು ಬಿದಿರಿನ ನಡುವೆ ಚೀಲ ಕಟ್ಟಿ ಹೊತ್ತರೆ ಬಿದಿರು ಬಾಗುತ್ತದೆ. ಅದೇ ಭಾರವನ್ನು ಹೆಗಲಿನ ಹತ್ತಿರಕ್ಕೆ ಸರಿಸಿದರೆ ಅಷ್ಟು ಬಾಗುವುದಿಲ್ಲ. ವಿಮಾನವನ್ನು ಎತ್ತುವುದು ರೆಕ್ಕೆಗಳು. ಜನ, ಸಾಮಾನು ನಡುವಿನ ಒಡಲಲ್ಲಿದ್ದು ರೆಕ್ಕೆಯ ಬುಡವನ್ನು ಬಾಗಿಸುತ್ತವೆ. ರೆಕ್ಕೆಯೊಳಗಿನ ಇಂಧನವೋ ರೆಕ್ಕೆಯನ್ನು ಕೆಳಕ್ಕೆ ಅದುಮಿ ಆ ಒತ್ತಡವನ್ನು ತಗ್ಗಿಸುತ್ತದೆ. ಆದ್ದರಿಂದ ಇಂಧನ ಇಳಿಸಿ ಒಡಲಿಗೆ ತುಂಬುವುದು ರೆಕ್ಕೆಗೆ ಎರಡು ಕಡೆಯಿಂದ ಹೊಡೆತ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾಗಿ ಕಾಣುವುದು ಇದೇ.

ಹಾರಲು ಇನ್ನೊಂದು ಮಿತಿ, ಸುಮಾರು 79 ಟನ್. ಟ್ಯಾಂಕ್ ತುಂಬಿದರೆ ಇಂಧನವೇ 21 ಟನ್ ಸಮೀಪಿಸುವುದರಿಂದ, ದೂರದ ಪಯಣಕ್ಕೆ ಪೂರ್ತಿ ಇಂಧನ, ಪೂರ್ತಿ ಹೊರೆ ಎರಡೂ ಒಟ್ಟಿಗೆ ಸಾಧ್ಯವಿಲ್ಲ. ಗಲ್ಫ್ ಅಷ್ಟು ದೂರವಲ್ಲ. ಅಲ್ಲಿಂದ ಬರುವಾಗ ಕಾಡುವುದು ಇಳಿಯುವ ಮಿತಿ, ಸುಮಾರು 66.3 ಟನ್. ಪೂರ್ತಿ ಹೊರೆ ಇದ್ದರೆ ಇಳಿಯುವ ಹೊತ್ತಿಗೆ ಟ್ಯಾಂಕಿನಲ್ಲಿ 3.6 ಟನ್ನಿಗಿಂತ ಹೆಚ್ಚು ಇಂಧನ ಉಳಿದಿರಬಾರದು. ಮುಂಗಾರಿನಲ್ಲಿ ಕಣ್ಣೂರಿನ ಮೇಲೆ ಮೋಡ ಕವಿದರೆ ಸುತ್ತು ಹಾಕಲು, ಬೇರೆ ನಿಲ್ದಾಣಕ್ಕೆ ಹೋಗಲು ಹೆಚ್ಚುವರಿ ಇಂಧನ ಬೇಕು. ಈ ವಿಮಾನಕ್ಕೆ ಆಕಾಶದಲ್ಲಿ ಇಂಧನ ಸುರಿಯುವ ವ್ಯವಸ್ಥೆಯಿಲ್ಲ. ಹೀಗಾಗಿ ಹೊರಡುವ ಮೊದಲೇ ಸಾಮಾನು ಇಳಿಯುತ್ತದೆ.

ಇದು ನ್ಯಾಯವಾದ ನಿರ್ಧಾರ. ಆದರೆ ಯಾರ ಪೆಟ್ಟಿಗೆ ಉಳಿಯಿತೆಂದು ಇಳಿದ ಮೇಲೆ ಗೊತ್ತಾಗುವುದು ನ್ಯಾಯವಲ್ಲ. ಹತ್ತುವ ಮೊದಲೇ ತಿಳಿಸಬೇಕು. ಅಲ್ಲಿಯವರೆಗೆ ಔಷಧಿ, ದಾಖಲೆಪತ್ರಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.