ಘಟ್ಟದಲ್ಲೇ ಇಷ್ಟು ಮಳೆ ಇರುವಾಗ ಒದ್ದೆ ರೇಸ್ ಟ್ರ್ಯಾಕಿಗೆ ಯಾಕೆ ಹೋಗ್ಬೇಕು?

ಮಳೆಗಾಲ ಬಂತು ಅಂದ್ರೆ ಯಾರಾದ್ರೂ ಒಬ್ರು ಇದನ್ನ ಕೇಳೇ ಕೇಳ್ತಾರೆ, ಈ ಸಲ ಕೇಳಿದ್ದು ಕುಮಟಾ ಕಡೆಯ ಹುಡುಗ: "ಅಣ್ಣಾ, ನಾನು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿ ಬಂದು ಮಾಡೋನು. ಒದ್ದೆ ರೇಸ್ ಟ್ರ್ಯಾಕಲ್ಲಿ ಓಡಿಸಿದ್ರೆ ಕಾರ್ ಕಂಟ್ರೋಲ್ ಬರುತ್ತೆ ಅಂತ ಫ್ರೆಂಡ್ ಹೇಳ್ತಾನೆ. ನಮ್ಮಲ್ಲೇ ನಾಲ್ಕು ತಿಂಗಳು ಮಳೆ ಹೊಯ್ಯುತ್ತೆ, ಇಲ್ಲೇ ಕಲಿತ್ರೆ ಆಗಲ್ವಾ?"

ಆಗಲ್ಲ ತಮ್ಮಾ. ಘಟ್ಟದಲ್ಲಿ ನೀನು ಕಲಿಯೋದು ಜಾರದ ಹಾಗೆ ಓಡಿಸೋದನ್ನ, ಅದು ಬೇಕೇ ಬೇಕು, ಆದ್ರೆ ಜಾರಿದ ಮೇಲೆ ಏನು ಮಾಡ್ಬೇಕು ಅಂತ ಕಲಿಯೋಕೆ ಅಲ್ಲಿ ಜಾಗ ಎಲ್ಲಿದೆ, ಒಂದು ಕಡೆ ಧರೆ, ಇನ್ನೊಂದು ಕಡೆ ಕಣಿವೆ, ಎದುರಿಂದ ಬಸ್ಸು. ಟ್ರ್ಯಾಕಲ್ಲಿ ಬೇಕಂತಲೇ ಜಾರಿಸಬಹುದು, ಪಕ್ಕದಲ್ಲಿ ಕಲಿಸೋರು ಕೂತಿರ್ತಾರೆ, ತಪ್ಪಿದ್ರೆ ಕಾರು ತಿರುಗಿ ನಿಲ್ಲುತ್ತೆ ಅಷ್ಟೇ, ಮತ್ತೆ ಅದೇ ತಿರುವಿಗೆ ಹೋಗಿ ಮತ್ತೆ ಜಾರಿಸಬಹುದು.

ಸರಿ, ಒದ್ದೆ ಟ್ರ್ಯಾಕೇ ಯಾಕೆ? ಒಣ ಡಾಂಬರಿನ ಮೇಲೆ ಟೈರಿಗೂ ರಸ್ತೆಗೂ ಇರೋ ಘರ್ಷಣೆ ಗುಣಾಂಕ, ಅಂದ್ರೆ ಟೈರು ರಸ್ತೇನ ಎಷ್ಟು ಗಟ್ಟಿ ಹಿಡಿಯುತ್ತೆ ಅನ್ನೋ ಅಳತೆ, ಸುಮಾರು 0.8 ಅಂತಿಟ್ಕೊ, ಒದ್ದೆ ಆದಾಗ ಅದು 0.4ರ ಆಸುಪಾಸಿಗೆ ಇಳಿಯಬಹುದು. 15 ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವಲ್ಲಿ ಲೆಕ್ಕ ಹಾಕಿದ್ರೆ ಒಣಗಿದ್ದಾಗ ಸುಮಾರು 39 ಕಿ.ಮೀ. ವೇಗದಲ್ಲಿ ಗ್ರಿಪ್ ಮುಗಿಯುತ್ತೆ, ಒದ್ದೆಯಲ್ಲಿ 28ಕ್ಕೇ ಮುಗಿಯುತ್ತೆ. ಅಂದ್ರೆ ಅದೇ ಪಾಠ, ಆದ್ರೆ ಕಾರಿನ ಚಲನಶಕ್ತಿ ಅರ್ಧ! ಹೊಸದಾಗಿ ಕಲಿಯೋರಿಗೆ ಇದಕ್ಕಿಂತ ಒಳ್ಳೆ ಅನುಕೂಲ ಇನ್ನೊಂದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಬ್ರೇಕಿನ ಲೆಕ್ಕ ಮಾತ್ರ ಹೆದರಿಸುತ್ತೆ, 60 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದ ಮೇಲೆ ಒಣ ರಸ್ತೇಲಿ ಸುಮಾರು 18 ಮೀಟರಿಗೆ ನಿಲ್ಲೋ ಕಾರು ಒದ್ದೆಯಲ್ಲಿ 35 ಮೀಟರ್ ತಗೊಳ್ಳುತ್ತೆ, ನಿನ್ನ ಕಾಲು ಬ್ರೇಕಿಗೆ ಹೋಗೋ ಹೊತ್ತಲ್ಲಿ ಓಡೋ ದೂರ ಬೇರೆ.

ಈಗ ಜಾರೋದು ಹೇಗಿರುತ್ತೆ ನೋಡು. ನಮ್ಮ ಹೆಚ್ಚಿನ ಸಣ್ಣ ಕಾರುಗಳಿಗೆ ಎಂಜಿನ್ ಶಕ್ತಿ ಮುಂದಿನ ಚಕ್ರಕ್ಕೇ ಹೋಗುತ್ತೆ, ಹಾಗಾಗಿ ಮೊದಲು ಜಾರೋದು ಹೆಚ್ಚಾಗಿ ಮುಂದಿನವೇ. ತಿರುವಲ್ಲಿ ಸ್ಟೇರಿಂಗ್ ಅಷ್ಟೊತ್ತು ಕೈಗೆ ಭಾರ ಕೊಡ್ತಾ ಇದ್ದದ್ದು ಒಮ್ಮೆಲೇ ಹಗುರ ಆಗುತ್ತೆ, ತಿರುಗಿಸಿದಷ್ಟು ಮೂತಿ ತಿರುಗೋದಿಲ್ಲ. ಆಗ ಎಲ್ರೂ ಇನ್ನೂ ಜಾಸ್ತಿ ತಿರುಗಿಸ್ತಾರೆ, ಜೊತೆಗೆ ಬ್ರೇಕನ್ನೂ ಒತ್ತುತ್ತಾರೆ. ಟೈರಿನ ಗ್ರಿಪ್ ಅಂದ್ರೆ ಒಂದೇ ಜೇಬಿನ ದುಡ್ಡು, ಬ್ರೇಕಿಗೆ ಖರ್ಚು ಮಾಡಿದ್ದು ತಿರುವಿಗೆ ಉಳಿಯಲ್ಲ. ಆಕ್ಸಿಲರೇಟರಿಂದ ನಿಧಾನ ಕಾಲು ತೆಗೆದು, ಸ್ಟೇರಿಂಗ್ ಸ್ವಲ್ಪ ಹಿಂದಕ್ಕೆ ಬಿಟ್ರೆ ಟೈರು ಮತ್ತೆ ರಸ್ತೆ ಕಚ್ಚುತ್ತೆ. ಓದೋಕೆ ಸುಲಭ, ಆದ್ರೆ ಧರೆಗೆ ಹೋಗ್ತಾ ಇರುವಾಗ ಸ್ಟೇರಿಂಗ್ ಹಿಂದಕ್ಕೆ ಬಿಡೋಕೆ ಕೈ ಒಪ್ಪಲ್ಲ, ಆ ಒಪ್ಪಿಗೆ ಹತ್ತಾರು ಸಲ ಮಾಡಿದ ಮೇಲೇ ಬರೋದು.

ಹಿಂದಿನ ಚಕ್ರ ಜಾರಿದ್ರೆ ಕಥೆ ಬೇರೆ. ಇಳಿಜಾರಿನ ತಿರುವಲ್ಲಿ ಹೆದರಿ ಪಟಕ್ಕನೆ ಆಕ್ಸಿಲರೇಟರ್ ಬಿಟ್ರೆ ಭಾರ ಮುಂದಕ್ಕೆ ಬಂದು ಹಿಂಭಾಗ ಹಗುರಾಗಿ ಪಕ್ಕಕ್ಕೆ ಹೊರಡುತ್ತೆ, ಇದು ಸೀಟಲ್ಲಿ ಕೂತ ಸೊಂಟಕ್ಕೆ ಮೊದಲು ಗೊತ್ತಾಗುತ್ತೆ, ಕಣ್ಣಿಗೆ ಆಮೇಲೆ. ಹಿಂಭಾಗ ಯಾವ ಕಡೆ ಜಾರುತ್ತೋ ಆ ಕಡೆಗೇ ಸ್ಟೇರಿಂಗ್ ತಿರುಗಿಸಿ, ಕಾರು ನೇರ ಆಗ್ತಾ ಬಂದ ಹಾಗೆ ಅಷ್ಟೇ ಬೇಗ ವಾಪಸ್ ತರ್ಬೇಕು, ತಡ ಮಾಡಿದ್ರೆ ಇನ್ನೊಂದು ಕಡೆಗೆ ಎಸೆಯುತ್ತೆ. ಮತ್ತೆ ಕಣ್ಣು ಹೋಗಬೇಕಾದ ದಾರಿ ಮೇಲೇ ಇರ್ಬೇಕು, ಮರ ನೋಡ್ತಾ ಕೂತ್ರೆ ಕೈ ಮರದ ಕಡೆಗೇ ತಿರುಗಿಸುತ್ತೆ.

ಎಬಿಎಸ್, ಅಂದ್ರೆ ಬ್ರೇಕ್ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ, ಇದೆಯಲ್ಲಾ ಅಂತ ಕೇಳ್ತಾರೆ. 2019ರ ಏಪ್ರಿಲ್ ನಂತರ ಮಾರಾಟ ಆದ ಹೊಸ ಕಾರುಗಳಲ್ಲಿ ಅದು ಕಡ್ಡಾಯ, ಇದ್ದೇ ಇರುತ್ತೆ. ಆದ್ರೆ ಅದು ಕೆಲಸ ಮಾಡುವಾಗ ಪೆಡಲ್ ಟರ್ರರ್ ಅಂತ ಅಂಗಾಲಿಗೆ ಹೊಡೆಯುತ್ತೆ, ಗೊತ್ತಿಲ್ದವರು ಏನೋ ಮುರೀತು ಅಂತ ಕಾಲು ಎತ್ತಿಬಿಡ್ತಾರೆ. ಎತ್ತಬಾರದು, ಒತ್ತಿ ಹಿಡಿದೇ ಸ್ಟೇರಿಂಗ್ ತಿರುಗಿಸಿ ತಪ್ಪಿಸ್ಕೋಬೇಕು, ಅದಿರೋದೇ ಅದಕ್ಕೆ.

ಟ್ರ್ಯಾಕಲ್ಲಿ ಕಲಿತ ಎಲ್ಲವನ್ನೂ ಘಟ್ಟಕ್ಕೆ ತರೋ ಹಾಗಿಲ್ಲ, ಇದನ್ನ ಒತ್ತಿ ಹೇಳ್ತೀನಿ. ಮಳೆ ಬಂದಾಗ ರೇಸಿನವರು ಮಾಮೂಲಿ ಗೆರೆ, ಅಂದ್ರೆ ಒಣಗಿದ್ದಾಗ ಎಲ್ರೂ ಹಿಡಿಯೋ ದಾರಿ, ಬಿಟ್ಟು ಹೊರಗಿಂದ ಹೋಗ್ತಾರೆ, ಯಾಕಂದ್ರೆ ಆ ಗೆರೆ ಮೇಲೆ ಕೂತ ಟೈರಿನ ರಬ್ಬರ್ ಒದ್ದೆಯಾದ್ರೆ ಜಾರುತ್ತೆ. 1993ರಲ್ಲಿ ಇಂಗ್ಲೆಂಡಿನ ಡೋನಿಂಗ್ಟನ್ ಟ್ರ್ಯಾಕಲ್ಲಿ ಫಾರ್ಮುಲಾ ವನ್ ರೇಸರ್ ಐರ್ಟನ್ ಸೆನ್ನಾ ಮಳೆಯಲ್ಲಿ ಐದನೇ ಜಾಗಕ್ಕೆ ಇಳಿದವನು ಮೊದಲ ಸುತ್ತು ಮುಗಿಯೋದ್ರೊಳಗೆ ಎಲ್ಲರಿಗಿಂತ ಮುಂದಿದ್ದ. ಅರಬೈಲ್ ಘಟ್ಟದಲ್ಲಿ ಗ್ರಿಪ್ ಹುಡುಕ್ತಾ ಆಚೆ ಬದಿಗೆ ಹೋದ್ರೆ ಸಿಗೋದು ಎದುರಿನ ಲಾರಿ. ಅಲ್ಲದೆ ಟ್ರ್ಯಾಕಲ್ಲಿ ಬರೀ ನೀರು, ನಮ್ಮಲ್ಲಿ ನೆರಳಿನ ತಿರುವಲ್ಲಿ ಹಾವಸೆ, ತರಗೆಲೆ, ಧರೆಯಿಂದ ಇಳಿದ ಕೆಂಪು ಕೆಸರು, ಲಾರಿಯಿಂದ ಸೋರಿದ ಡೀಸೆಲ್ಲು. ಮನೆಗೆ ತರಬೇಕಾದ್ದು ಮೆತ್ತಗಿನ ಕೈಕಾಲು, ಮತ್ತೆ ತಿರುವಿಗೆ ಮುಂಚೆಯೇ ನೇರ ರಸ್ತೇಲಿ ಬ್ರೇಕ್ ಮುಗಿಸೋ ಅಭ್ಯಾಸ.

ಎಲ್ಲಿ ಅಂತ ಕೇಳಿದ್ರೆ, ಚೆನ್ನೈ ಹತ್ರ ಇರುಂಗಾಟ್ಟುಕೋಟೈ ಟ್ರ್ಯಾಕ್ ಇದೆ, ಕೊಯಮತ್ತೂರಲ್ಲಿ ಕಾರಿ ಮೋಟಾರ್ ಸ್ಪೀಡ್‌ವೇ ಇದೆ. ಚೆನ್ನೈಗೆ ದೊಡ್ಡ ಮಳೆ ಅಕ್ಟೋಬರಿಂದ ಡಿಸೆಂಬರಿಗೆ, ಅಂದ್ರೆ ನಮ್ಮದು ಮುಗಿದ ಮೇಲೆ. ಕಲಿಸೋ ದಿನ ಯಾವಾಗ, ನಿನ್ನ ಕಾರೇ ತರಬಹುದಾ ಅಂತ ಮೊದಲೇ ಕೇಳ್ಕೊಂಡು ಹೋಗು.

ಅಷ್ಟು ದೂರ ಆಗಲ್ಲ ಅಂದ್ರೂ ಅಡ್ಡಿಲ್ಲ. ಟೈರಿನ ಮೇಲಿನ ಗೀರುಗಳ ಆಳ ಸವೆದು 1.6 ಮಿ.ಮೀ.ಗೆ ಬರೋವರೆಗೂ ಕಾಯಬೇಡ, ನಮ್ಮ ಮಳೆಗೆ ಅದಕ್ಕೂ ಮುಂಚೆಯೇ ಬದಲಾಯಿಸು. ಮತ್ತೆ ಪರಿಚಯದವರದ್ದು ಅಗಲವಾದ ಸಿಮೆಂಟ್ ಅಂಗಳ ಇದ್ರೆ ಅವರನ್ನ ಕೇಳಿ, ಸುತ್ತ ಯಾರೂ ಇಲ್ಲದಾಗ, ಮಳೆ ನಿಂತ ಮೇಲೆ 30ರಲ್ಲಿ ಹೋಗಿ ಬ್ರೇಕನ್ನ ಒಮ್ಮೆ ಪೂರ್ತಿ ಒತ್ತಿ ನೋಡು, ಆ ಟರ್ರರ್ ನಿನ್ನ ಕಾಲಿಗೆ ಪರಿಚಯ ಆಗ್ಲಿ.